ಆಲೂಗಡ್ಡೆ ಹೊಲದಲ್ಲಿ ಹೂತ ಕಿವಿ

ದಿಯೆಂಗ್ ಬೆಟ್ಟದ ಮೇಲೆ ಆಲೂಗಡ್ಡೆ ಬೆಳೆಯುವ ರುಕಿನೆಂ ಹಾವನ್ನಾದರೂ ನಂಬಿಯಾಳು, ಮನುಷ್ಯರನ್ನು ನಂಬುವವಳಲ್ಲ. ಸಂತೆಯಲ್ಲಿ ತಕ್ಕಡಿಯ ಅಡಿಗೆ ಇಣುಕುವಳು. ಮಸೀದಿಯ ಇಮಾಮರು ನಕ್ಕರೆ, ಯಾಕೆ ನಕ್ಕರೆಂದು ಮನೆ ಸೇರುವವರೆಗೂ ಯೋಚಿಸುವಳು. ಇಂಥವಳು ಸಂತೆಗೆ ಹೋಗಿದ್ದಾಗ ಅವಳ ಹೊಲದ ಬದುವಿನಲ್ಲಿ ಯಾರೋ ಏನನ್ನೋ ಹೂತರೆ ಕೇಳಬೇಕೆ!

ಹಸಿ ಮಣ್ಣು ಕಂಡು ಕೆದರಿದಳು. ತಂಬಿಗೆ ಗಾತ್ರದ ಲೋಹದ ಡಬ್ಬಿ. ಅದರ ಮೇಲೆ ಮಿಟುಕುವ ಹಸಿರು ದೀಪ. ಮಗಳು ಸುಮಿನಿ ತುಂಬು ಬಸುರಿ. ಮಗು ಹುಟ್ಟಿದ ಮೇಲೆ ಮಾಸು ಹೂತು, ಅದರ ಮೇಲೊಂದು ದೀಪ ಇಡುವುದು ಊರ ಪದ್ಧತಿ. ಹುಟ್ಟುವ ಮೊದಲೇ ದೀಪ ಹೂತರೆ ಅದು ಮಾಟವಲ್ಲದೆ ಮತ್ತೇನು?

ಸಂಶಯ ನೆಟ್ಟಗೆ ಹೋಗಿ ಕೂತದ್ದು ಪಕ್ಕದ ಮನೆಯ ಸೂಲಗಿತ್ತಿ ತಸ್ಮಿಯ ಮೇಲೆ. ಸುಮಿನಿಯನ್ನು ಈ ಲೋಕಕ್ಕೆ ತಂದವಳೂ ಅವಳೇ. ಆದರೆ ಹೋದ ವರ್ಷ ತಸ್ಮಿಯ ಬೆಳೆ ಕೊಳೆತು, ರುಕಿನೆಂ ಬೆಳೆ ಉಳಿದಿತ್ತಲ್ಲ! ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

"ದಿನಾ ಬಂದು ಹೊಟ್ಟೆ ಮುಟ್ಟಿ ನೋಡ್ತಾಳಲ್ಲ, ಯಾಕಂತೆ?" ಎಂದಳು ಅಳಿಯ ಜಾರ್ವೊಗೆ.

"ಸೂಲಗಿತ್ತಿ ಹೊಟ್ಟೆ ಮುಟ್ಟದೆ ಇನ್ನೇನು ಮೂಗು ಮುಟ್ತಾಳಾ ಅತ್ತೆ?"

ಮಾಟವನ್ನು ಮಾಡಿದವರ ಮನೆಗೇ ತಿರುಗಿಸಬೇಕು. ರುಕಿನೆಂ ಡಬ್ಬಿಯನ್ನು ತನ್ನ ಹಳೆಯ ಬಾತಿಕ್ ಬಟ್ಟೆಯಲ್ಲಿ ಉಪ್ಪಿನೊಂದಿಗೆ ಸುತ್ತಿ, ತಸ್ಮಿ ಇಲ್ಲದ ಹೊತ್ತು ನೋಡಿ ಅವಳ ಹಿತ್ತಲಲ್ಲಿ ಹೂತು ಬಂದಳು.

ಕೆಲವೇ ದಿನಗಳಲ್ಲಿ ಜೀಪು ಬಂತು. ಭೂಗರ್ಭ ಇಲಾಖೆಯ ಹುಡುಗಿ ಹಪ್ಸರಿ ಕೈಯಲ್ಲಿದ್ದ ಯಂತ್ರ ನೋಡುತ್ತ ನೇರ ತಸ್ಮಿಯ ಹಿತ್ತಲಿಗೆ ನಡೆದು, ಊರವರ ಎದುರೇ ಬಟ್ಟೆ ಸುತ್ತಿದ ಡಬ್ಬಿಯನ್ನು ಅಗೆದು ತೆಗೆದು, ಉಪ್ಪು ಕೊಡವಿದಳು.

"ಇದು ಏನೂ ಮಾಡಲ್ಲ ಅಮ್ಮಾ. ಬೆಟ್ಟದ ಹೊಟ್ಟೆ ಸಣ್ಣಗೆ ನಡುಗೋದನ್ನ ಸುಮ್ನೆ ಕೇಳಿಸ್ಕೊಳ್ಳುತ್ತೆ. ಬಿಸಿನೀರು, ಹಬೆ ಎಲ್ಲಿದೆ ಅಂತ ಅದ್ರಿಂದ ಗೊತ್ತಾಗುತ್ತೆ, ಕರೆಂಟ್ ಮಾಡೋಕೆ. ಈಚೆಗೆ ದಿನಾ ಬೆಳಿಗ್ಗೆ ಧಡಧಡ ಅಂತ ಕುಟ್ಟೋ ಥರ ನಡುಕ ಬರ್ತಿತ್ತು."

"ಅದು ನನ್ನ ಒರಳು ತಾಯಿ!" ಎಂದಳು ತಸ್ಮಿ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು.

"ಸುಮ್ನೆ ಕೇಳಿಸ್ಕೊಳ್ಳೋಕೆ ಯಾರಾದ್ರೂ ಇಷ್ಟು ದೂರ ಬರ್ತಾರಾ?" ಎಂದು ರುಕಿನೆಂ ಸಿಡುಕಿದಳು.

ಜಾರ್ವೊ ತಲೆ ತಗ್ಗಿಸಿದ. "ನಮ್ಮ ಹೊಲದಲ್ಲಿಡೋಕೆ ಹೂಂ ಅಂದಿದ್ದು ನಾನೇ ಅತ್ತೆ. ಹೇಳಿದ್ರೆ ಬೈತೀರಂತ..."

ತಸ್ಮಿಯ ನಗು ಅಷ್ಟರಲ್ಲಿ ನಿಂತಿತ್ತು. ಬಟ್ಟೆ ಯಾರದೆಂದು ಅವಳಿಗೆ ಗೊತ್ತು. ಉಪ್ಪು ಯಾಕೆಂದೂ ಗೊತ್ತು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅದೇ ವಾರ, ಒಂದು ಬೆಳಿಗ್ಗೆ ಸುಮಿನಿಗೆ ನೋವು ಶುರುವಾಯಿತು. ಆಸ್ಪತ್ರೆಗೆ ಇಳಿಯುವ ದಾರಿ ಮಂಜಿನಲ್ಲಿ ಕಾಣಿಸುತ್ತಿರಲಿಲ್ಲ. ರುಕಿನೆಂ ತಸ್ಮಿಯ ಬಾಗಿಲವರೆಗೆ ಓಡಿ ಅಲ್ಲೇ ನಿಂತಳು. ಬರಲ್ಲ ಅಂದರೆ ಎಂಬ ಭಯ ಒಂದು ಕಡೆ. ಸಿಟ್ಟಿಟ್ಟುಕೊಂಡೇ ಬಂದರೆ? ಆ ಭಯ ಅದಕ್ಕಿಂತ ದೊಡ್ಡದು.

ಅವಳು ಬಾಯಿ ತೆರೆಯುವ ಮೊದಲೇ ತಸ್ಮಿ ಹೊರಬಂದು ಮುಂದೆ ನಡೆದಳು. ರುಕಿನೆಂ ಮನೆಯ ಹೊಸ್ತಿಲು ತಲುಪಿ, ಅಂಗಿಯ ತೋಳು ಮೇಲೇರಿಸಿ, ಎರಡೂ ಅಂಗೈ ಅವಳ ಮುಂದೆ ಚಾಚಿದಳು.

"ಚೆನ್ನಾಗಿ ನೋಡ್ಕೋ ರುಕಿನೆಂ. ಆಮೇಲೆ ಒಳಗೆ ಬಿಡು."

ಒಳಗೆ ಮಗಳು ಚೀರಿದಳು. ನೋಡಬಾರದೆಂದು ರುಕಿನೆಂಗೆ ಗೊತ್ತಿತ್ತು. ನಾಚಿಕೆಯಿಂದ ಭೂಮಿಗಿಳಿದು ಹೋದಳು. ಆದರೂ ಮೊದಲು ಬಲಗೈ, ಆಮೇಲೆ ಎಡಗೈ ನೋಡಿದ ಮೇಲೆಯೇ ಒಳಗೆ ಬಿಟ್ಟಳು.