ಗೇಟಿನ ಹೊರಗೆ ನಿಂತ ಅತಿಥಿ

ಸಹಕಾರನಗರದ ಹತ್ತಿರದ ಕೆರೆಯ ಸುತ್ತ ಬೆಳಗಿನ ನಡಿಗೆ ಏರ್ಪಡಿಸೋದು ನನ್ನ ಕೆಲಸವಾಗಿತ್ತು. ನೆಲ, ನೀರು ಕಾಯೋದರ ಬಗ್ಗೆ ಮಾತಾಡೋಕೆ ಬಿಳಿಗಿರಿ ಬೆಟ್ಟದಿಂದ ಸೋಲಿಗರ ಹಿರಿಯರಾದ ಮಾದಮ್ಮನವರನ್ನು ಕರೆಸಿದ್ದೆವು. ಗೇಟು ತೆರೆದಿತ್ತು, ಹಾರ ಸಿದ್ಧವಿತ್ತು. ಅವರು ಮಾತ್ರ ಹೊರಗೇ ನಿಂತುಬಿಟ್ಟರು.

"ಇದು ಯಾರ ಎಲ್ಲೆ? ನಮ್ ಕಾಡಲ್ಲಿ ಒಂದೊಂದು ಎಲ್ಲೆನೂ ಒಂದೊಂದು ಕುಲದೋರು ನೋಡ್ಕೊಳ್ತಾರೆ. ಇಲ್ಲಿನೋರು ಕರೀದೆ ನಾನು ಕಾಲಿಡಲ್ಲ."

"ನಮ್ಮ ಬಡಾವಣೆ ಸಂಘದ್ದೇ ಕಣಮ್ಮ, ಬನ್ನಿ," ಅಂದರು ಅಧ್ಯಕ್ಷರು.

"ನಿಮಗಿಂತ ಮುಂಚೆ ಯಾರಿದ್ರು?"

ಅಧ್ಯಕ್ಷರು ಮೊಬೈಲ್ ನೋಡತೊಡಗಿದರು. ಕೊನೆಗೆ ವಾಚ್‌ಮನ್ನೇ ಹೇಳಿದ: "ಏರಿ ಮೇಲಿನ ದುಗ್ಗಲಮ್ಮಂಗೆ ದೀಪ ಹಚ್ಚೋದು ಹಳೇ ಊರಿನ ಮುನಿಯಮ್ಮಜ್ಜಿ. ಅವರ ಮನೆಯೋರೇ ಹಿಂದಿಂದ ಈ ಕೆರೆ ತೂಬು ನೋಡ್ಕೊಂಡಿದ್ದೋರು."

ನಾನು ಓಡಿಹೋಗಿ ಅಜ್ಜಿಯನ್ನು ಕರೆತಂದೆ. ವಿಷಯ ಕೇಳಿ ಅವರಿಗೆ ನಗು.

"ನನ್ನ ಇದುವರ್ಗೂ ಯಾರೂ ಕೇಳಿರ್ನಿಲ್ಲ ಕಣಪ್ಪ," ಅಂದವರೇ ಮಾದಮ್ಮನ ಕೈ ಹಿಡಿದರು. "ಬಾ ತಾಯಿ, ನಮ್ ಕೆರೆ ನೋಡುವಂತೆ."

ಆದರೆ ಗೇಟಿನೊಳಗೆ ಹೋಗದೆ, ಅದನ್ನು ಬಿಟ್ಟು ಮುಂದಕ್ಕೆ ಹೊರಟರು. ಬೇಲಿ ಕಿತ್ತುಹೋಗಿದ್ದ ಜಾಗಕ್ಕೆ.

"ಅಜ್ಜಿ, ಗೇಟು ಈ ಕಡೆ!"

"ಅಲ್ಲಿ ಪೂಜೆ ಸಾಮಾನು ತರಂಗಿಲ್ಲ ಅಂತ ಬೋರ್ಡ್ ಆಕವ್ರೆ. ನಾವು ಇಂಗೇ ಓಗೋದು."

ಇಬ್ಬರೂ ಸಲೀಸಾಗಿ ನುಸುಳಿದರು. ಅಜ್ಜಿ ಕರೆದಿದ್ದು ಆ ದಾರಿಯಲ್ಲಿ, ಹಾಗಾಗಿ ನಾವೂ ಹಿಂದೆ ಹೋದೆವು. ಕೊನೆಯವರು ಹಾರ ಹಿಡಿದ ಅಧ್ಯಕ್ಷರು. ಬೇಲಿ ಹಾಕಿಸಿದವರು ಅವರೇ. ಎಲ್ಲಿ ಬಗ್ಗಬೇಕು ಅಂತ ಮಾತ್ರ ಅಜ್ಜಿ ಹೇಳಿಕೊಡಬೇಕಾಯಿತು.