ಮೂಲೆಕಂಬದ ಪಾರ್ಕಿಂಗ್

ಯಲಹಂಕದ ಆ ಅಪಾರ್ಟ್‌ಮೆಂಟಿನಲ್ಲಿ ಗಾಡಿ ನಿಲ್ಲಿಸುವ ಗೇಣು ಜಾಗಕ್ಕೂ ಜನ ಕಿತ್ತಾಡುತ್ತಾರೆ. ಆದರೂ ನೆಲಮಹಡಿಯ ಮೂಲೆಕಂಬದ ಪಕ್ಕ ಮಾತ್ರ ಸದಾ ಖಾಲಿ. ಗದಗದಿಂದ ಬಂದು ಲ್ಯಾಬೊಂದರಲ್ಲಿ ಕೆಲಸಕ್ಕೆ ಸೇರಿದ್ದ ಪ್ರತಿಭಾ, ತನ್ನ ಅದೃಷ್ಟವೆಂದುಕೊಂಡು ಸ್ಕೂಟರನ್ನು ಅಲ್ಲೇ ನಿಲ್ಲಿಸತೊಡಗಿದಳು. ರೂಮಿನ ಗೆಳತಿಯರ ಕಿವಿಯಲ್ಲಿ ಯಾವಾಗಲೂ ಹೆಡ್‌ಫೋನು. ಹಾಗಾಗಿ ಸಂಜೆ ಸ್ಕೂಟರಿನ ಮೇಲೇ ಕೂತು, ಮ್ಯಾನೇಜರನ ಸಿಡುಕು, ಹೆಬ್ಬಾಳದ ಟ್ರಾಫಿಕ್ಕು ಎಲ್ಲವನ್ನೂ ಗಟ್ಟಿಯಾಗಿ ತನಗೆ ತಾನೇ ಹೇಳಿಕೊಂಡು, ಹಗುರಾಗಿ ಮೇಲೆ ಹೋಗುವುದು ರೂಢಿಯಾಯಿತು.

ಪಿತೃಪಕ್ಷದ ಅಮಾವಾಸ್ಯೆಯ ಸಂಜೆ ಬಂದಾಗ ಕಂಬದ ಬುಡದಲ್ಲಿ ಬಾಳೆಲೆ ಹಾಸಿ ಎಡೆ ಇಟ್ಟಿತ್ತು. ಪಕ್ಕದಲ್ಲಿ ಹೊಸ ಸೀರೆ, ಹಸಿರು ಬಳೆ. ಕೈಮುಗಿದು ನಿಂತಿದ್ದವರು ಚಿಕ್ಕಬೈರಪ್ಪ, ಈ ಕಟ್ಟಡಕ್ಕೆ ಹೊಲ ಕೊಟ್ಟ ಮುದುಕರು.

“ಇದು ಯಾರಿಗ್ರೀ ಅಜ್ಜಾರ?”

“ನಮ್ಮವ್ವಂಗೆ. ಮಣ್ಣು ಮಾಡಿದ್ದು ಇಲ್ಲೇ ಕಣವ್ವ.”

ಪ್ರತಿಭಾ ಒಂದು ಹೆಜ್ಜೆ ಹಿಂದೆ ಸರಿದಳು. “ತಪ್ಪಾತ್ರೀ, ಗಾಡಿ ಈಗ ತಗೀತೀನಿ,” ಎಂದು ಕೀಲಿಗೆ ತಡಕಾಡಿದಳು.

“ಬ್ಯಾಡ, ಇರ್ಲಿ. ದಿನಾ ಇಲ್ಲಿ ಕೂತ್ಕಂಡು ಮಾತಾಡ್ತೀಯಂತೆ, ವಾಚ್‌ಮನ್ ಏಳ್ದ. ಅವ್ವಂಗೆ ಮೊದ್ಲಿಂದ್ಲೂ ಒಬ್ಳೇ ಇರಾಕೆ ಭಯ.”

ಮರುದಿನ ಸಂಜೆ ಅವಳು ಬೇರೆಡೆ ನಿಲ್ಲಿಸಬೇಕೆಂದೇ ಬಂದಳು. ಎಲ್ಲೂ ಜಾಗವಿರಲಿಲ್ಲ. ಮೂಲೆಕಂಬದ ಬಳಿ ಎಂಜಿನ್ ಆರಿಸಿ, ಬಾಯಿ ಬಿಗಿಹಿಡಿದು ಕೂತಳು. ಸುತ್ತ ಯಾರೂ ಇರಲಿಲ್ಲ. ಆದರೂ ಏನೂ ಹೇಳದೆ ಎದ್ದುಹೋಗಲು ಆಗಲಿಲ್ಲ.

“ಯವ್ವಾ, ಇವತ್ತೇನಾತು ಗೊತ್ತೇನು?” ಎಂದು ಮೆಲ್ಲಗೆ ಶುರುಮಾಡಿದವಳು, ‘ಹೂಂ’ ಎನ್ನುವ ದನಿಗಾಗಿ ಕಾದಳು.