ಇಪ್ಪತ್ತಮೂರು ಕಡೆ ಒಂದೇ ಕರೆಯೋಲೆ

2006ರಲ್ಲಿ ನಾನು ರಾಜಾಜಿನಗರದ ಸಣ್ಣ ಕ್ಲಿನಿಕ್ಕೊಂದರಲ್ಲಿ ಸ್ಪೀಚ್ ಥೆರಪಿಸ್ಟ್ ಆಗಿದ್ದೆ. ಕಿವಿ ಸರಿಯಾಗಿ ಕೇಳದ ಮಕ್ಕಳಿಗೆ ಮಾತು ಕಲಿಸುವುದು ನನ್ನ ಕೆಲಸ. ಅಂಥ ಮಕ್ಕಳ ತಂದೆತಾಯಂದಿರಿಗಾಗಿ ವಿಜಯನಗರದ ಶ್ರೀನಾಥ್ ಇಂಟರ್‌ನೆಟ್ಟಿನಲ್ಲಿ ಒಂದು ಫೋರಂ ನಡೆಸುತ್ತಿದ್ದರು. ಹಿಯರಿಂಗ್ ಏಡ್ ಬ್ಯಾಟರಿ ಎಲ್ಲಿ ಸಿಗುತ್ತದೆ, ಯಾವ ಶಾಲೆ ಸೇರಿಸಿಕೊಳ್ಳುತ್ತದೆ, ಎಲ್ಲದಕ್ಕೂ ಅಲ್ಲಿ ಉತ್ತರ ಸಿಗುತ್ತಿತ್ತು.

ಜೊತೆಗೆ ‘ಏಳೇ ದಿನದಲ್ಲಿ ಕಿವುಡು ಮಾಯ’ ಎನ್ನುವ ಎಣ್ಣೆಯ ಜಾಹೀರಾತುಗಳೂ ಫೋನ್ ನಂಬರ್ ಸಮೇತ ಪ್ರತಿ ಚರ್ಚೆಯ ಕೆಳಗೆ ಬಂದು ಕೂರುತ್ತಿದ್ದವು. ಇವೇ ಸ್ಪ್ಯಾಮ್. ಅವನ್ನು ನಂಬಿ ಒಬ್ಬರು ಮಗುವಿನ ಕಿವಿಗೆ ಎಣ್ಣೆ ಬಿಟ್ಟು ಸೋಂಕು ಮಾಡಿಕೊಂಡು ಬಂದ ದಿನ ನನಗೆ ಮೈಯೆಲ್ಲ ಉರಿದುಹೋಯಿತು. ಅಂದಿನಿಂದ ಬೆಳಿಗ್ಗೆ ಕಾಫಿ ಲೋಟ ಹಿಡಿದು ‘ರಿಪೋರ್ಟ್’ ಬಟನ್ ಒತ್ತುವುದೇ ನನ್ನ ನಿತ್ಯಪೂಜೆ. ಮೂವರು ಒತ್ತಿದರೆ ಬರಹಗಳು ಮರೆಯಾಗಿ, ಬರೆದವರ ಐಡಿ ತಾನಾಗಿ ಲಾಕ್ ಆಗುತ್ತಿತ್ತು. ಇನ್ನೂ ಕೆಲವರಿಗೆ ಈ ವಿದ್ಯೆ ಹೇಳಿಕೊಟ್ಟೆ. ಜಂಬಕ್ಕೇನೂ ಕಡಿಮೆ ಇರಲಿಲ್ಲ.

ಒಂದು ಗುರುವಾರ ‘ಚಿನ್ನಿ’ ಎಂಬ ಐಡಿಯಿಂದ ಇಪ್ಪತ್ತಮೂರು ಚರ್ಚೆಗಳಲ್ಲಿ ಒಂದೇ ಬರಹ: ‘ಭಾನುವಾರ ತಪ್ಪದೇ ಬನ್ನಿ’, ಜೊತೆಗೆ ಫೋನ್ ನಂಬರ್. ಮುಂದಕ್ಕೆ ಓದುವ ತಾಳ್ಮೆ ನನಗೆಲ್ಲಿತ್ತು? ಒತ್ತಿದೆ. ಇನ್ನಿಬ್ಬರೂ ಒತ್ತಿದರು. ಐಡಿ ಲಾಕ್ ಆಯಿತು.

ಮರುದಿನ ಹೆಗ್ಗನಹಳ್ಳಿಯಿಂದ ಶಾಂತವ್ವ ಬಂದರು. ಗದಗದ ಕಡೆಯವರು. ಅವರ ಆರು ವರ್ಷದ ಮಗಳು ವಿದ್ಯಾ ನನ್ನ ಬಳಿ ಎರಡು ವರ್ಷ ಕಲಿತವಳು. ಮಾಮೂಲಿ ಶಾಲೆಯೊಂದು ‘ಒಂದು ತಿಂಗಳು ನೋಡುತ್ತೇವೆ’ ಎಂದು ಅವಳನ್ನು ಸೇರಿಸಿಕೊಂಡಿತ್ತು. ಬುಧವಾರ ಟೀಚರ್ ತರಗತಿಯ ಹಿಂದೆ ನಿಂತು ಹಾಜರಿ ಕೂಗಿದಾಗ, ಅವರ ತುಟಿ ಕಾಣದಿದ್ದರೂ ವಿದ್ಯಾ ‘ಪ್ರೆಸೆಂಟ್ ಮಿಸ್’ ಎಂದಳಂತೆ. ಸೀಟು ಖಾಯಂ ಆಯಿತು. ನನ್ನ ಕಣ್ಣು ತುಂಬಿತು.

ಶಾಂತವ್ವ ಕುಂಕುಮ ಕೊಟ್ಟು ಭಾನುವಾರದ ಹೋಳಿಗೆ ಊಟಕ್ಕೆ ಕರೆದರು. ಆದರೂ ಅವರ ಮುಖ ಬಾಡಿತ್ತು. ಸೈಬರ್ ಸೆಂಟರಿನಲ್ಲಿ ಎರಡು ಗಂಟೆ ಕೂತು, ಮಗಳ ಮುದ್ದಿನ ಹೆಸರಾದ ‘ಚಿನ್ನಿ’ ಎಂಬ ಐಡಿಯಿಂದ ಫೋರಂನವರನ್ನೆಲ್ಲ ಕರೆದಿದ್ದರಂತೆ. ಈಗ ಒಳಗೇ ಬಿಡುತ್ತಿಲ್ಲ, ಯಾರೂ ಬರಲಿಕ್ಕಿಲ್ಲ ಎಂದರು.

“ಒಂದ ಕಡೆ ಬರದ ಬಿಟ್ರ ಡಂಗುರಾ ಹೊಡದಂಗ ಆಗತೈತ್ರೀ ಮೇಡಂ. ಮನಿ ಮನಿಗೆ ಹೋಗಿ ಕರದಂಗ ಎಲ್ಲಾರಿಗೂ ಬ್ಯಾರೆ ಬ್ಯಾರೆ ಬರದೆ. ತಪ್ಪಾತೇನ್ರಿ?”

ಭೂಮಿ ಬಾಯಿಬಿಡಬಾರದೇ ಎನಿಸಿತು. ಒತ್ತಿದವಳು ನಾನೇ ಎಂದು ಒಪ್ಪಿಕೊಂಡೆ. ಶ್ರೀನಾಥ್‌ಗೆ ಫೋನ್ ಮಾಡಿ ಲಾಕ್ ತೆಗೆಸಿ, ಆ ಬರಹಗಳನ್ನು ಪೂರ್ತಿ ಓದಿದೆ. ಪ್ರತಿಯೊಂದರ ಕೊನೆಗೂ ಬೇರೆಯೇ ಮಾತಿತ್ತು: ‘ನಿಮ್ಮ ಮಗನ ಮೆಷಿನ್ ರಿಪೇರಿ ಆಯಿತೇ?’ ‘ಪಾಪುವಿಗೆ ಜ್ವರ ಬಿಟ್ಟಿತೇ?’ ಎಣ್ಣೆ ಮಾರುವವರು ಯಾರ ಜ್ವರವನ್ನೂ ವಿಚಾರಿಸುವುದಿಲ್ಲ.

ಒಂದು ಕಡೆ ಕ್ಷಮೆ ಕೇಳಿದರೆ ಸಾಲದೆಂದು, ಶಾಂತವ್ವನ ಕ್ರಮದಲ್ಲೇ ಇಪ್ಪತ್ತಮೂರು ಕಡೆಯೂ ತಪ್ಪೊಪ್ಪಿಕೊಂಡು, ಅವರ ಪರವಾಗಿ ಮತ್ತೆ ಎಲ್ಲರನ್ನೂ ಕರೆದೆ. ಸಂಜೆಯೊಳಗೆ ಮೂವರು ರಿಪೋರ್ಟ್ ಒತ್ತಿ ನನ್ನ ಐಡಿಯೂ ಲಾಕ್ ಆಯಿತು.

“ಎಲ್ಲಾ ನೀವೇ ತಯಾರು ಮಾಡಿದ ಶಿಷ್ಯರಲ್ವಾ ಮೇಡಂ,” ಎಂದು ನಗುತ್ತಲೇ ಶ್ರೀನಾಥ್ ಅದನ್ನೂ ತೆಗೆದರು.

ಭಾನುವಾರ ಆ ಪುಟ್ಟ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನನ್ನನ್ನು ರಿಪೋರ್ಟ್ ಮಾಡಿದ ಮೂವರೂ ಬಂದಿದ್ದರು. ಅವರು ಬೇಡವೆಂದರೂ ಶಾಂತವ್ವ ಹೋಳಿಗೆ ಬಡಿಸುತ್ತಿದ್ದರು. ನಾನು ಬಾಗಿಲ ಮರೆಯಲ್ಲಿ ನಿಂತು “ವಿದ್ಯಾ” ಎಂದೆ. ಹೋಳಿಗೆ ತುಂಬಿದ ಬಾಯಲ್ಲೇ “ಪ್ರೆಸೆಂಟ್ ಮಿಸ್” ಎಂಬ ಉತ್ತರ ಬಂತು.

ಸ್ಪ್ಯಾಮ್ ಕಂಡರೆ ಈಗಲೂ ಬಿಡುವುದಿಲ್ಲ. ಆದರೆ ಮಕ್ಕಳಿಗೆ ದಿನವೂ ಹೇಳುತ್ತಿದ್ದ ಪಾಠ ಅಂದು ನನಗೂ ತಾಗಿತು: ಪೂರ್ತಿ ಕೇಳಿಸಿಕೊಂಡ ಮೇಲೆ ಉತ್ತರ ಕೊಡಬೇಕು.